ಅಡುಗೆ ಗಜಣ್ಣನ ಕಾರ್ಡು

ಕಮ್ಮರಡಿಯ ಗಜಾನನ ಮದುವೆ, ಉಪನಯನಗಳಿಗೆ ಅಡುಗೆ ಮಾಡಿಕೊಡುವವನು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಎಲ್ಲಿ ಹೋದರೂ ಅಡುಗೆ ಗಜಣ್ಣ ಎಂದರೆ ಜನ ಗುರುತು ಹಿಡಿಯುತ್ತಿದ್ದರು. ಅವನ ಕೈಯ ಸಾರಿಗೆ ಹೆಸರಿತ್ತು. ಲೆಕ್ಕಪತ್ರ ಎಲ್ಲ ಹೆಂಡತಿ ರಮ್ಯಶ್ರೀಯದು.

ಕ್ರೆಡಿಟ್ ಕಾರ್ಡು ಅವನು ಬೇಕೆಂದು ಕೇಳಿ ತೆಗೆದುಕೊಂಡದ್ದಲ್ಲ. ಒಂದು ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಲು ಕೊಪ್ಪದ ಬ್ಯಾಂಕಿಗೆ ಹೋಗಿದ್ದಾಗ ಅಲ್ಲಿ ಕೆಲಸಕ್ಕಿದ್ದ ತನ್ಮಯಿ ಎದ್ದು ಬಂದು ಮಾತಾಡಿಸಿದ್ದಳು. ಶೆಟ್ಟಿಕೊಪ್ಪದ ಹುಡುಗಿ. ಅವಳ ಅಕ್ಕನ ಮದುವೆಗೆ ಇವನದೇ ಅಡುಗೆ.

"ಗಜಣ್ಣ, ನಿಮ್ಮಂಥೋರಿಗೆ ಅಂತಲೇ ಇರೋದು ಇದು. ಸಾಮಾನು ಈಗ ತಗೊಳ್ಳಿ, ಮದುವೆ ಮನೆಯವ್ರು ಕೊಟ್ಟ ಮೇಲೆ ಕಟ್ಟಿ. ಸರಿಯಾಗಿ ಕಟ್ಟಿದ್ರೆ ಒಂದು ಪೈಸೆ ಬಡ್ಡಿ ಇಲ್ಲ."

ಅವಳು ಸುಳ್ಳು ಹೇಳಿರಲಿಲ್ಲ. ಎರಡು ವರ್ಷ ಹಾಗೆಯೇ ನಡೆಯಿತು. ಶಿವಮೊಗ್ಗದಲ್ಲಿ ಅಕ್ಕಿ, ಬೇಳೆ, ಗೋಡಂಬಿ ಹಾಕಿಸಿ ಕಾರ್ಡು ಉಜ್ಜುವುದು, ಸಮಾರಂಭ ಮುಗಿದ ಮೇಲೆ ಪೂರ್ತಿ ಕಟ್ಟುವುದು.

ಆಮೇಲೆ ಶೃಂಗೇರಿಯ ಒಂದು ದೊಡ್ಡ ಮದುವೆ ಬಂತು. ಮೂರು ಹೊತ್ತಿನ ಊಟ, ಸಾವಿರದ ಮೇಲೆ ಜನ. ಸಾಮಾನೆಲ್ಲ ಬಂದು ಇಳಿದ ಮೇಲೆ, ಚಪ್ಪರ ಹಾಕುವ ದಿನವೇ ಹುಡುಗನ ಅಜ್ಜ ತೀರಿಕೊಂಡರು. ಸೂತಕ ಕಳೆಯಿತು, ಮುಹೂರ್ತ ಮುಂದೆ ಹೋಯಿತು. ಕೊನೆಗೆ ಹುಡುಗಿಯ ಕಡೆಯವರು ಶಿವಮೊಗ್ಗದ ಛತ್ರವೊಂದರಲ್ಲಿ, ಅಲ್ಲಿಯವರದೇ ಅಡುಗೆಯಲ್ಲಿ ಚಿಕ್ಕದಾಗಿ ಮುಗಿಸಿದರು. ಹುಡುಗನ ಅಪ್ಪ ಬಂದು ಸಂಕೋಚಪಟ್ಟುಕೊಂಡ. ಸಾವಿನ ಮನೆಯವನ ಹತ್ತಿರ ಎಂಥದು ಕೇಳುವುದು? "ಇರ್ಲಿ ಬಿಡಿ" ಎಂದು ಗಜಾನನ ಕಾಫಿ ಕೊಟ್ಟು ಕಳಿಸಿದ. ಅಕ್ಕಿ ಬೇಳೆ ಹೇಗೋ ಬೇರೆ ಕಡೆ ಖರ್ಚಾಯಿತು. ತುಪ್ಪ, ಗೋಡಂಬಿಯನ್ನು ನಷ್ಟಕ್ಕೆ ಮಾರಿದ್ದಾಯಿತು. ಬಿಲ್ಲು ಮಾತ್ರ ಪೂರ್ತಿ ಕಟ್ಟಲಾಗಲಿಲ್ಲ. ಕನಿಷ್ಠ ಇಷ್ಟು ಎಂದು ಬ್ಯಾಂಕು ಬರೆದಿದ್ದನ್ನು ಕಟ್ಟಿದರು. ಮುಂದಿನ ತಿಂಗಳೂ ಅಷ್ಟೇ. ಅದರ ಮುಂದಿನ ತಿಂಗಳೂ. ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿ ಅಸಲು ಇದ್ದಲ್ಲೇ ಇರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ರಮ್ಯಶ್ರೀ ಫೋನು ಹಿಡಿದುಕೊಂಡು ಹಿತ್ತಿಲಿಗೆ ಬಂದಳು. ಗಜಾನನ ಕಡಾಯಿ ತಿಕ್ಕುತ್ತಿದ್ದ.

"ನೋಡಿ ಇಲ್ಲಿ. ಬಡ್ಡಿ ಜಾಸ್ತಿ ಮಾಡಿದಾರೆ. ತಿಂಗಳಿಗೆ ಮೂರೂಕಾಲು ಪರ್ಸೆಂಟ್ ಇದ್ದಿದ್ದು ಮೂರೂಮುಕ್ಕಾಲು."

"ಎಂತಕ್ಕಂತೆ?"

"ಎಂತಕ್ಕೆ ಅಂತ ಬರ್ದಿಲ್ಲ. ಮುಂದಿನ ತಿಂಗಳಿಂದ ಅಂತ ಮಾತ್ರ ಇದೆ."

"ಹಳೇ ಬಾಕಿಗೂ ಇದೇನಾ?"

"ಅದಕ್ಕೂ ಇದೇ."

ಅವನು ಕೈ ತೊಳೆದುಕೊಂಡು ಹತ್ತು ಗಂಟೆಯ ಬಸ್ಸಿಗೆ ಕೊಪ್ಪಕ್ಕೆ ಹೋದ. ಜಗಳ ಮಾಡಬೇಕೆಂದು ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದ. ತನ್ಮಯಿ ಕುರ್ಚಿ ಕೊಟ್ಟು ಕೂರಿಸಿ, ನೀರು ತರಿಸಿದಳು. ಜಗಳ ಅಲ್ಲಿಗೇ ಅರ್ಧ ಸತ್ತುಹೋಯಿತು.

"ಗಜಣ್ಣ, ಕಾರ್ಡಿನ ಆಫೀಸೇ ಬೇರೆ. ನಮ್ಮ ಕಂಪ್ಯೂಟರಲ್ಲಿ ನಿಮ್ಮ ಬಾಕಿ ಕಾಣೋದೂ ಇಲ್ಲ. ನೀವು ಅವ್ರ ನಂಬರಿಗೇ ಫೋನ್ ಮಾಡ್ಬೇಕು."

"ಕೊಡೋವಾಗ ಇಲ್ಲೇ ಇತ್ತಲ್ಲ ಮಾರಾಯ್ತಿ."

ಅವಳು ಮ್ಯಾನೇಜರ್ ಕೋಣೆಯ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು. "ಕೊಡೋದಷ್ಟೇ ನಮ್ಮ ಕೈಲಿರೋದು. ನನ್ನ ಕಾರ್ಡಿಗೂ ಏರ್ಸಿದಾರೆ. ನಾನು ಯಾರನ್ನ ಕೇಳ್ಲಿ?"

ಅವಳನ್ನು ಬೈದು ಏನೂ ಪ್ರಯೋಜನವಿಲ್ಲ ಎನಿಸಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಕೊಟ್ಟ ನಂಬರಿಗೆ ಫೋನು ಹಚ್ಚಿದ. ಒಂದು ಒತ್ತಿ, ನಾಲ್ಕು ಒತ್ತಿ, ಕಾರ್ಡಿನ ನಂಬರು ಒತ್ತಿ. ಆಮೇಲೆ ಸಂಗೀತ. ಶಿವಮೊಗ್ಗದ ಬಸ್ಸು ಬಂದು ಜನ ಇಳಿಸಿ ಹೊರಟೇ ಹೋಯಿತು. ಸಂಗೀತ ನಿಲ್ಲಲಿಲ್ಲ. ಕೊನೆಗೆ ಒಬ್ಬ ಹುಡುಗ ಸಿಕ್ಕಿದ, ಒಳ್ಳೆಯ ಕನ್ನಡ.

"ಸರ್, ಇದು ಬ್ಯಾಂಕಿನ ನೀತಿ. ಎಲ್ಲ ಗ್ರಾಹಕರಿಗೂ ಅನ್ವಯಿಸುತ್ತೆ. ನಾವು ಬದಲಾಯಿಸೋಕೆ ಆಗಲ್ಲ."

"ನಾನು ಒಂದು ತಿಂಗ್ಳೂ ತಪ್ಸಿಲ್ಲಪ್ಪ."

"ಅದಕ್ಕೆ ಧನ್ಯವಾದ ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಗಜಾನನ ಬೇಡ ಎಂದ. ಕೋಪ ಬರಬೇಕಿತ್ತು, ಬರಲಿಲ್ಲ. ದೊಡ್ಡ ಮದುವೆಯ ಅಡುಗೆ ಮುಗಿಸಿದ ಮಧ್ಯಾಹ್ನ ಸೊಂಟದಲ್ಲಿ ಕೂರುವಂಥ ಸುಸ್ತು, ಅಡುಗೆ ಮಾಡದೆಯೇ ಬಂದು ಕೂತಿತ್ತು.

ಮನೆಯಲ್ಲಿ ರಮ್ಯಶ್ರೀ ಎಲ್ಲ ಕೇಳಿಸಿಕೊಂಡಳು. ಊಟಕ್ಕೆ ಬಡಿಸಿ, ಕೊನೆಗೆ ಮಜ್ಜಿಗೆ ಹಾಕಿದಳು. ಆಮೇಲೆ, "ನನ್ನ ಬಳೆ ಸೊಸೈಟಿಲಿ ಇಡಾಣ. ಅಲ್ಲಿನ ಬಡ್ಡಿ ಇದರ ಕಾಲು ಭಾಗನೂ ಇಲ್ಲ" ಎಂದಳು.

"ಬಳೆ ಬೇಡ."

"ಬೇಡ ಅಂದ್ರೆ ಮತ್ತೆಂತ ಇಡ್ತೀರಿ? ಕಡಾಯಿನಾ?"

ಮಾರನೆಯ ದಿನ ಇಬ್ಬರೂ ಹೋದರು. ಸೊಸೈಟಿಯ ಕಾರ್ಯದರ್ಶಿ ವಾಸಪ್ಪ ಬಳೆ ತೂಗಿಸಿ, ರಸೀದಿ ಬರೆಯುತ್ತ, "ಈ ತಿಂಗಳು ಈ ಕಾರ್ಡಿನ ಸಾಲಕ್ಕೇ ಬಂದೋರಲ್ಲಿ ನೀವೇ ಮೊದಲನೆಯೋರಲ್ಲ ಮಾರಾಯ್ರೆ" ಎಂದ. ಅದರಿಂದ ಸಮಾಧಾನವೇನೂ ಆಗಲಿಲ್ಲ. ಹೊರಗೆ ಬಂದ ಮೇಲೆ ರಮ್ಯಶ್ರೀ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ನಡೆದಳು.

ಕಾರ್ಡಿನ ಬಾಕಿಯನ್ನು ಅಂದೇ ಪೂರ್ತಿ ಕಟ್ಟಿದರು. ಕಾರ್ಡು ಮುಚ್ಚಿಸಲು ಗಜಾನನ ಮತ್ತೆ ಫೋನು ಮಾಡಿದ. ಈ ಸಲ ಸಂಗೀತ ಬೇಗ ನಿಂತಿತು. ಮಾತಾಡಿದ ಹೆಂಗಸಿನ ದನಿ ಜೇನಿನಂತಿತ್ತು.

"ಸರ್, ನೀವು ನಮ್ಮ ಗೌರವಾನ್ವಿತ ಗ್ರಾಹಕರು. ಕಾರ್ಡು ಇಟ್ಕೊಳ್ಳಿ. ನಿಮಗೋಸ್ಕರ ಬಡ್ಡಿ ಹಳೇ ದರಕ್ಕೇ ಇಳಿಸಿ ಕೊಡ್ತೀವಿ."

"ಇಳಿಸಕ್ಕೆ ಆಗಲ್ಲ, ನೀತಿ ಅಂದಿದ್ರಲ್ಲ?"

"ಇದು ವಿಶೇಷ ಕೊಡುಗೆ ಸರ್."

ಗಜಾನನನಿಗೆ, ಇಷ್ಟು ಸುಲಭದ ಮಾತಿಗೆ ಹೆಂಡತಿಯ ಬಳೆ ಸೊಸೈಟಿಯ ಕಪಾಟು ಸೇರಿತಲ್ಲ ಎನ್ನಿಸಿತು. "ಬೇಡ ತಾಯಿ, ಮುಚ್ಚಿಬಿಡಿ" ಎಂದಷ್ಟೇ ಹೇಳಿದ. ಅವಳು ಮತ್ತೆ ಮತ್ತೆ ಕೇಳಿದಳು, ಅವನು ಮತ್ತೆ ಮತ್ತೆ ಅದನ್ನೇ ಹೇಳಿದ.

ಮುಂದಿನ ತಿಂಗಳು ಇನ್ನೊಂದು ಬಿಲ್ಲು ಬಂತು. ಹಿಂದಿನ ಬಿಲ್ಲಿನ ದಿನದಿಂದ ಇವರು ಹಣ ಕಟ್ಟಿದ ದಿನದವರೆಗಿನ ಬಡ್ಡಿಯಂತೆ. ಏನೂ ಕೇಳದೆ ರಮ್ಯಶ್ರೀ ಅದನ್ನೂ ಕಟ್ಟಿದಳು. ಆಮೇಲೆ ಕಾರ್ಡು ಮುಚ್ಚಿದೆ ಎಂದು ಸಂದೇಶ ಬಂತು.

ದೀಪಾವಳಿ ಕಳೆದ ಮೇಲೆ ಕೊಪ್ಪದ ಬೈರಪ್ಪ ಮನೆಗೆ ಬಂದ. ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶಕ್ಕೆ ಅಡುಗೆಯಾಗಬೇಕಿತ್ತು. ಅವನ ಮದುವೆಯ ಊಟವನ್ನೂ ಗಜಾನನನೇ ಮಾಡಿದ್ದ. ಏನೇನು ಮಾಡುವುದೆಂದು ಮಾತಾಯಿತು. ಅವನ ಅಮ್ಮ ಗಿರಿಯಮ್ಮನಿಗೆ ಸಿಹಿಗೆ ಹಯಗ್ರೀವವೇ ಆಗಬೇಕಂತೆ. ಬೈರಪ್ಪ ಏಳುವ ಹೊತ್ತಿಗೆ ಗಜಾನನ ಮಾತು ತೆಗೆದ.

"ಬೈರಪ್ಪ, ಸಾಮಾನಿಗೆ ಸ್ವಲ್ಪ ಮುಂಚೆನೇ ದುಡ್ಡು ಕೊಡ್ಬೇಕಾಗ್ತದೆ."

ಬೈರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. "ನಾನು ಕೊಡಲ್ಲ ಅಂತನಾ ಗಜಣ್ಣ?"

"ಅಯ್ಯೋ, ಹಂಗಲ್ಲ ಮಾರಾಯ."

ಹೇಗೆ ಎಂದು ಹೇಳಲು ಶೃಂಗೇರಿಯ ಮದುವೆಯಿಂದ ಶುರುಮಾಡಬೇಕಿತ್ತು. ಅಷ್ಟೆಲ್ಲ ಹೇಳುವ ಚೈತನ್ಯ ಅವನಲ್ಲಿರಲಿಲ್ಲ. ರಮ್ಯಶ್ರೀಯೇ ಒಳಗಿನಿಂದ ಬಂದು, "ಈಗ ಎಲ್ಲರ ಹತ್ರನೂ ಹಿಂಗೇ ಮಾಡ್ತಿದೀವಿ ಬೈರಪ್ಪ, ಬೇಜಾರು ಮಾಡ್ಕಬೇಡ" ಎಂದಳು.

ಬೈರಪ್ಪ ಫೋನಿನಲ್ಲೇ ಅರ್ಧ ಹಣ ಕಳಿಸಿದ. "ಬಂತಾ ನೋಡಿ" ಎಂದ. ಯಾವಾಗಲೂ ಕೂತು ಎರಡನೇ ಸಲ ಕಾಫಿ ಕುಡಿದು ಹೋಗುವವನು, ಅಂದು ಕೆಲಸವಿದೆ ಎಂದು ಎದ್ದ. ಗಜಾನನ ಬೇಲಿಬಾಗಿಲ ದಣಪೆಯವರೆಗೂ ಜೊತೆಗೆ ಹೋದ. ಬೈರಪ್ಪ ಬೈಕು ಹತ್ತಿ, "ಬರ್ತೀನಿ" ಎಂದು ಮುಂದೆ ನೋಡಿಕೊಂಡೇ ಹೇಳಿ ಹೊರಟ.