ಎರಡು ವರ್ಷದ ಮಟ್ಟಿಗೆ ಮಿಸೆಸ್ ಪಿಂಕಮ್

ಹಾರ್ಲನ್ ಪಿಂಕಮ್ ಮೊದಲ ಸಲ ಶಾಸನಸಭೆಗೆ ನಿಂತಾಗ ನಾನು ಅವನ ಪ್ರಚಾರ ಸಮಿತಿಯ ಅಧ್ಯಕ್ಷನಾದೆ. ನನಗಿದ್ದ ಅರ್ಹತೆ ಒಂದೇ, ನನ್ನ ಬಳಿ ಪಿಕಪ್ ಗಾಡಿಯಿತ್ತು. ಅವನಿಗಿದ್ದದ್ದು ಗಂಟಲು. ಹಾರ್ಲನ್ ನಮ್ಮ ಕಡೆಯ ಹರಾಜುಗಾರ. ಮೇಯ್ನ್ ರಾಜ್ಯದ ಒಳನಾಡಿನಲ್ಲಿ, ಕಾಗದದ ಗಿರಣಿ ಮುಚ್ಚಿದ ಮೇಲೂ ಹೇಗೋ ಉಳಿದುಕೊಂಡಿರುವ ನಮ್ಮ ನಾಲ್ಕೈದು ಊರುಗಳಲ್ಲಿ ಯಾರ ಅಜ್ಜಿ ತೀರಿಕೊಂಡರೂ ಆಕೆಯ ಬೀರು, ಮಂಚ, ಪಿಂಗಾಣಿ ತಟ್ಟೆಗಳನ್ನು ಹರಾಜು ಕೂಗುತ್ತಿದ್ದವನು ಅವನೇ. ಹಳೆಯ ಶಾಸಕರು ಮಂಡಿನೋವೆಂದು ಫ್ಲೋರಿಡಾಕ್ಕೆ ಹೋಗಿಬಿಟ್ಟಾಗ ಪಕ್ಷದವರಿಗೆ ಬೇರೆ ಯಾರೂ ಸಿಗಲಿಲ್ಲ.

ಪ್ರಚಾರದಲ್ಲಿ ಅವನು ಹರಾಜಿನ ವೇಗದಲ್ಲೇ ಮಾತಾಡಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಹಾಗಾಗಿ ಎಲ್ಲರೂ ತಮತಮಗೆ ಬೇಕಾದದ್ದನ್ನು ಕೇಳಿಸಿಕೊಂಡು ಸಂತೋಷಪಟ್ಟರು. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿದ ಮಾತೊಂದಿತ್ತು: "ಸೇತುವೆ!" ಸೆಜ್ ಹೊಳೆಯ ಸೇತುವೆ ಕುಸಿಯುವಂತಾಗಿದೆಯೆಂದು ಸರ್ಕಾರ ಅಡ್ಡಗಟ್ಟೆ ಹಾಕಿತ್ತು. ಪೇಟೆಗೆ ಹೋಗಬೇಕಾದರೆ ಗುಡ್ಡ ಸುತ್ತಿಕೊಂಡು ಮಣ್ಣುರಸ್ತೆಯಲ್ಲಿ ಹೋಗಬೇಕು. ಹಾರ್ಲನ್ ಸೇತುವೆ ಎಂದ, ಗೆದ್ದ.

ಎರಡನೆಯ ಸಲ ಎದುರು ನಿಂತವರು ಒಬ್ಬ ನಿವೃತ್ತ ಮೇಷ್ಟ್ರು. ಒಳ್ಳೆಯ ಮನುಷ್ಯ. ಮೂವತ್ತು ವರ್ಷದಿಂದ ನಮ್ಮಲ್ಲೇ ಇದ್ದವರು, ನಮ್ಮ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವರು. ಆದರೆ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. "ಹೊರಗಿನವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗುತ್ತೆ?" ಎಂದು ಹಾರ್ಲನ್ ಕೇಳಿದ. ಮೇಷ್ಟ್ರ ಶಿಷ್ಯರೇ ತಲೆಯಾಡಿಸಿದರು. ಮೂರನೆಯ ಸಲ ಎದುರಾಳಿಯೇ ಇರಲಿಲ್ಲ. ಆದರೂ ಹಾರ್ಲನ್ ಊರೂರು ತಿರುಗಿ, ತನ್ನ ವಿರುದ್ಧ ಕೀಳುಮಟ್ಟದ ಅಪಪ್ರಚಾರ ನಡೆಯುತ್ತಿದೆಯೆಂದು ಕಣ್ಣೀರು ಹಾಕಿದ. ನಾಲ್ಕನೆಯ ಸಲ ಎದುರಿನವರು, "ಈತ ಆರು ವರ್ಷದಲ್ಲಿ ಏನೂ ಮಾಡಿಲ್ಲ" ಎಂದು ಕರಪತ್ರ ಹಂಚಿದರು. ಹಾರ್ಲನ್ ಅದನ್ನೇ ಎತ್ತಿಕೊಂಡು, "ಏನೂ ಮಾಡಿಲ್ಲ, ಏನೂ ಕೆಡಿಸಿಲ್ಲ" ಎಂದು ಫಲಕ ಬರೆಸಿದ. ಹಿಂದೆಂದಿಗಿಂತ ಹೆಚ್ಚು ಮತ ಬಿದ್ದವು.

ಆಮೇಲೆ ಬಂತು ತೊಡಕು. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಸತತ ನಾಲ್ಕು ಅವಧಿ ಮುಗಿದರೆ ಒಂದು ಅವಧಿ, ಅಂದರೆ ಎರಡು ವರ್ಷ, ಹೊರಗಿರಬೇಕು. ಅಷ್ಟರಲ್ಲಿ ಬೇರೆಯವನು ಕೂತರೆ ಮತ್ತೆ ಏಳುತ್ತಾನೆಯೇ? ಹಾರ್ಲನ್‌ಗೆ ಊಟ ಸೇರದಾಯಿತು. ಕೊನೆಗೊಂದು ದಿನ ನನ್ನೆದುರಿಗೇ ಅಡುಗೆಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದ.

"ಎರಡೇ ವರ್ಷ ಕಣೇ ಆರ್ಲೀನ್. ಸುಮ್ನೆ ಹೋಗಿ ಕೂತ್ಕೊ. ಕುರ್ಚಿ ಬೆಚ್ಚಗಿರಲಿ."

ಆರ್ಲೀನ್ ಹುರುಳಿಕಾಯಿ ಮುರಿಯುತ್ತಿದ್ದಳು. ಎಂಟು ವರ್ಷ ಅವನು ರಾಜಧಾನಿ ಅಗಸ್ಟಾದ ಸಭೆಯಲ್ಲಿದ್ದಾಗ ಮನೆಗೆ ಬಂದ ಫೋನುಗಳನ್ನೆಲ್ಲ ಎತ್ತಿದವಳು ಅವಳೇ. ಯಾರ ಪಿಂಚಣಿ ನಿಂತಿದೆ, ಯಾರ ಮಗನಿಗೆ ಲೈಸೆನ್ಸ್ ಸಿಕ್ಕಿಲ್ಲ, ಎಲ್ಲ ಅವಳ ಕಿವಿಗೇ ಬೀಳುತ್ತಿತ್ತು.

"ನಂಗೆ ಸುಮ್ನೆ ಕೂತ್ರೆ ಕಾಲು ಜೋಮು ಹಿಡಿಯುತ್ತೆ," ಅಂದಳು.

"ನೀನೇನೂ ಮಾಡ್ಬೇಕಾಗಿಲ್ಲ ಮಾರಾಯ್ತಿ. ಯಾವಾಗ ಕೈ ಎತ್ಬೇಕು ಅಂತ ನಾನು ಹೇಳ್ತೀನಿ."

"ಸರಿ, ನೋಡೋಣ," ಅಂದಳು. ಹಾರ್ಲನ್ ಅದನ್ನು ಒಪ್ಪಿಗೆಯೆಂದುಕೊಂಡ. ನಾನೂ ಹಾಗೇ ಅಂದುಕೊಂಡೆ.

ಹೊಸ ಫಲಕ ಬರೆಸುವ ಅಗತ್ಯವೂ ಬೀಳಲಿಲ್ಲ. ಹಳೆಯವುಗಳ ಮೇಲೆ 'ಪಿಂಕಮ್' ಎಂದಷ್ಟೇ ಇತ್ತು. ಅವಳು ಸಲೀಸಾಗಿ ಗೆದ್ದಳು.

ಮೊದಲ ವಾರ ಹಾರ್ಲನ್ ಜೊತೆಗೇ ಹೋಗಿ ಸಭಾಂಗಣದ ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಕೂತ. ಮತಕ್ಕೆ ಹಾಕಿದಾಗಲೆಲ್ಲ ಹರಾಜಿನಲ್ಲಿ ಸನ್ನೆ ಮಾಡುವಂತೆ ಕಿವಿ ಮುಟ್ಟಿಕೊಂಡ, ಮೂಗು ಉಜ್ಜಿದ, ಟೋಪಿ ತೆಗೆದು ಹಾಕಿದ. ಆರ್ಲೀನ್ ತಲೆಯೆತ್ತಿ ನೋಡಲೇ ಇಲ್ಲ. ಕಾವಲಿನವನು ಬಂದು, "ಯಜಮಾನ್ರೇ, ಮೈ ಹುಷಾರಿಲ್ವಾ? ಡಾಕ್ಟರನ್ನ ಕರೀಲಾ?" ಎಂದು ಕೇಳಿದ ಮೇಲೆ ಹಾರ್ಲನ್ ಮನೆಗೆ ಬಂದ.

ಮಾರ್ಚ್ ತಿಂಗಳು, ಹಿಮ ಕರಗಿ ರಸ್ತೆಗಳೆಲ್ಲ ಕೆಸರಾಗುವ ಕಾಲ. ಆರ್ಲೀನ್ ಸಾರಿಗೆ ಸಮಿತಿಯವರನ್ನು ಊರಿಗೆ ಊಟಕ್ಕೆ ಕರೆದಳು. ಬೇಕೆಂದೇ ಆ ಕಾಲಕ್ಕೆ ಕರೆದಳೆಂದು ನನ್ನ ಗುಮಾನಿ. ಗುಡ್ಡದ ರಸ್ತೆಯಲ್ಲಿ ಅವರ ವ್ಯಾನು ಅಚ್ಚಿನವರೆಗೂ ಹೂತುಹೋಯಿತು. ಸಮಿತಿಯ ಅಧ್ಯಕ್ಷರು, ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ ದಪ್ಪನೆಯ ಮನುಷ್ಯ, ಇಳಿದು ವ್ಯಾನನ್ನು ತಳ್ಳಿದರು. ಒಂದು ಬೂಟು ಕೆಸರಿನಲ್ಲೇ ಉಳಿಯಿತು.

"ಇದೇ ದಾರೀನಾ ನಿಮ್ಗೆ?" ಎಂದು ಅವರು ಒಂಟಿ ಕಾಲಲ್ಲಿ ನಿಂತು ಕೇಳಿದರು.

"ಬಸುರಿ ಹೆಂಗಸರಿಗೂ ಇದೇ ದಾರಿ," ಅಂದಳು ಆರ್ಲೀನ್. "ಬನ್ನಿ, ಡೋನಟ್ಸ್ ಇನ್ನೂ ಬಿಸಿಯಾಗಿವೆ."

ಮುಂದಿನ ಚಳಿಗಾಲದ ಹಿಮ ಬೀಳುವ ಮೊದಲೇ ಸೇತುವೆ ಎದ್ದುನಿಂತಿತು. ಉದ್ಘಾಟನೆಯ ದಿನ ಹಾರ್ಲನ್ ಎಲ್ಲರಿಗಿಂತ ಮುಂದೆ ನಿಂತು ಫೋಟೋ ತೆಗೆಸಿಕೊಂಡ.

ಅವನ ಎರಡು ವರ್ಷದ ವನವಾಸ ಮುಗಿಯುತ್ತ ಬಂತು. ನಾಮಪತ್ರಕ್ಕೆ ಪಕ್ಷದ ಮತದಾರರ ಸಹಿ ಬೇಕು. ಹಾರ್ಲನ್ ಮತ್ತು ನಾನು ನನ್ನ ಗಾಡಿಯಲ್ಲಿ ಹೊರಟೆವು. ಮೊದಲ ಮನೆ ಬರ್ನಿಸ್ ಎಂಬ ಮುದುಕಿಯದು.

"ನಾನಾಗ್ಲೇ ಪಿಂಕಮ್‌ಗೆ ಸಹಿ ಹಾಕಿದೀನಲ್ಲಪ್ಪ," ಅಂದಳು ಬರ್ನಿಸ್. "ಹೋದ ವಾರ ಆರ್ಲೀನ್ ಬಂದಿದ್ಲು."

"ನೋಡಿದ್ಯೇನೋ ವಿನ್!" ಎಂದು ಹಾರ್ಲನ್ ನನ್ನ ಬೆನ್ನು ತಟ್ಟಿದ. "ನಾನು ಕೇಳೋಕೆ ಮುಂಚೇನೇ ಕೆಲ್ಸ ಮಾಡಿದಾಳೆ. ಹೆಂಡ್ತಿ ಅಂದ್ರೆ ಹೀಗಿರ್ಬೇಕು."

ಎರಡನೆಯ ಮನೆಯಲ್ಲೂ ಅದೇ ಮಾತು. ನಾಲ್ಕನೆಯ ಮನೆಯ ಹೊತ್ತಿಗೆ ಅವನು ಬೆನ್ನು ತಟ್ಟುವುದನ್ನು ನಿಲ್ಲಿಸಿದ್ದ. ಗಾಡಿ ತಿರುಗಿಸು ಅಂದ.

ಆರ್ಲೀನ್ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು.

"ಆ ಸಹಿ ಎಲ್ಲಾ ಯಾರಿಗೆ ತಗೊಂಡೆ? ನನಗಾ?"

"ನನಗೆ."

ಹಾರ್ಲನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವಳು ಅವನದೇ ಅಂಗಿಯನ್ನು ಕೊಡವಿ ಹಗ್ಗಕ್ಕೆ ಸಿಕ್ಕಿಸಿದಳು.

"ನೀನು ಕಳಿಸಿದೆ, ಹೋದೆ. ಕೆಲ್ಸ ಹಿಡಿಸ್ತು," ಅಂದಳು. "ನಿಂಗೆ ಬೇಕಿದ್ರೆ ನೀನೂ ನಿಲ್ಲು. ಯಾರು ಬೇಡ ಅಂದ್ರು?"

ಅವನು ನಿಂತ. ಜೂನ್ ತಿಂಗಳಲ್ಲಿ ಹುರಿಯಾಳನ್ನು ಆರಿಸಲು ಪಕ್ಷದೊಳಗಿನ ಚುನಾವಣೆ, ಅಭ್ಯರ್ಥಿಗಳಿಬ್ಬರೂ ಒಂದೇ ಮನೆಯವರು. ಹಳೆಯ ಫಲಕಗಳು ತನ್ನವೆಂದು ಹಾರ್ಲನ್, ತನ್ನವೂ ಹೌದೆಂದು ಆರ್ಲೀನ್. ಕೊನೆಗೆ ನಾನೇ ಅವನ್ನು ಊರ ತುಂಬ ನೆಟ್ಟೆ. ಯಾರ ಪರವಾಗಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾರ್ಲನ್ ಹಾಸಿಗೆ ಸುತ್ತಿಕೊಂಡು ಕಣಜದ ಮನೆಗೆ ಹೋಗಿ, ಹರಾಜಾಗದೆ ಉಳಿದ ಯಾರದೋ ಅಜ್ಜಿಯ ಮಂಚದ ಮೇಲೆ ಮಲಗತೊಡಗಿದ. ಊಟಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತಿದ್ದ.

ಚುನಾವಣೆಗೆ ಮುಂಚಿನ ಶನಿವಾರ ರೈತರ ಸಭಾಭವನದಲ್ಲಿ ಊರವರೆಲ್ಲ ಸೇರಿ ಮಾಡುವ ಬೀನ್ಸ್ ಊಟ. ತಟ್ಟೆ ಖಾಲಿಯಾದ ಮೇಲೆ ಇಬ್ಬರೂ ಮಾತಾಡಬೇಕೆಂದು ಏರ್ಪಾಡಾಗಿತ್ತು.

"ಆ ಸೇತುವೆ ನನ್ನ ಕನಸು!" ಎಂದು ಹಾರ್ಲನ್ ಎದೆ ಮುಟ್ಟಿಕೊಂಡ. "ಮೊದಲನೇ ದಿನದಿಂದ್ಲೂ ನಾನು ಕಂಡ ಕನಸು!"

"ನಿಜ," ಅಂದಳು ಆರ್ಲೀನ್. "ಎಂಟು ವರ್ಷ ಒಂದೇ ಸಮ ನಿದ್ದೆ."

ಭವನ ನಡುಗುವಂತೆ ಜನ ನಕ್ಕರು. ಹಾರ್ಲನ್ ಕೆಂಪಗಾದ.

"ನಗ್ತೀರಲ್ಲ, ನನ್ನ ಮನೆ ಸ್ಥಿತಿ ಗೊತ್ತಾ ನಿಮ್ಗೆ? ಇವಳು ಅಗಸ್ಟಾದಲ್ಲಿ, ಇಲ್ಲಿ ಒಲೆ ತಣ್ಣಗೆ!"

"ನೀನು ಅಗಸ್ಟಾದಲ್ಲಿದ್ದಾಗ ಒಲೆ ಬಿಸಿ ಇತ್ತಲ್ಲ. ಹಚ್ಚೋದು ಹೇಗೆ ಅಂತ ಒಂದಿನಾನೂ ಕೇಳ್ಲಿಲ್ಲ ನೀನು."

"ಹಾರ್ಲನ್," ಎಂದು ಹಿಂದಿನಿಂದ ಬರ್ನಿಸ್ ಕೂಗಿದಳು, "ಕಣಜದ ಮನೇಲಿ ಇಲಿ ಕಾಟ ಹೇಗಿದೆಯಪ್ಪ?"

ಮತದಾನದ ದಿನ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಇಬ್ಬರೂ ಮೇಜಿನ ಎರಡು ತುದಿಯಲ್ಲಿ ಕೂತು ಮೀನಿನ ಸೂಪ್ ಕುಡಿಯುತ್ತಿದ್ದರು. ಫೋನು ರಿಂಗಾಯಿತು. ಹಾರ್ಲನ್ ಹಾರಿ ಎತ್ತಿಕೊಂಡ.

"ಪಿಂಕಮ್ ಮಾತಾಡೋದು... ಗೆದ್ರಾ? ಪಿಂಕಮ್ ಗೆದ್ರಾ? ಅಯ್ಯೋ ಥ್ಯಾಂಕ್ಸ್ ಕಣಮ್ಮ, ತುಂಬಾ ಥ್ಯಾಂಕ್ಸ್! ನಿಮ್ಮೆಲ್ಲರ ಪ್ರೀತಿ..." ಅಷ್ಟರಲ್ಲಿ ಮಾತು ನಿಂತಿತು. ಆ ಕಡೆಯವಳು ಏನೋ ಹೇಳುತ್ತಿದ್ದಳು. ಅವನು ಮೆಲ್ಲಗೆ ಫೋನನ್ನು ಹೆಂಡತಿಯ ಕಡೆ ಚಾಚಿದ.

"ನಿಂಗಂತೆ."

ಅವಳು ಮಾತು ಮುಗಿಸಿ ಬರುವಷ್ಟರಲ್ಲಿ ಅವನು ಹೊರಗೆ ಹೋಗಿ ನನ್ನ ಗಾಡಿಯಲ್ಲಿ ಕೂತಿದ್ದ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಜನ ನನ್ನನ್ನ ಇಷ್ಟಪಡ್ತಾರೆ ಅಂದ್ಕೊಂಡಿದ್ದೆ ಕಣೋ," ಅಂದ.

"ಇಷ್ಟಪಡ್ತಾರಲ್ಲೋ. ಇಷ್ಟಕ್ಕೇನೂ ಕಡಿಮೆಯಿಲ್ಲ."

"ಮತ್ತೆ?"

ಆರ್ಲೀನ್ ಬಾಗಿಲಿಗೆ ಬಂದು, "ಸೂಪ್ ಆರ್ತಾ ಇದೆ, ಇಬ್ರೂ ಬನ್ನಿ," ಎಂದು ಕರೆದಳು. ಅಂದೇ ಅವನ ಹಾಸಿಗೆ ಮನೆಯೊಳಕ್ಕೆ ವಾಪಸಾಯಿತು.

ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಅವಳು ಮತ್ತೆ ಗೆದ್ದಳು. ಮುಂದಿನ ಮಾರ್ಚ್‌ನ ಊರಸಭೆಯಲ್ಲಿ, ಹಾರ್ಲನ್ ಯಾವ ಹುದ್ದೆಯೂ ಇಲ್ಲದೆ ಬಾಡುತ್ತಿರುವುದನ್ನು ನೋಡಲಾರದೆ, ಯಾರೋ ಅವನ ಹೆಸರನ್ನು ಬೇಲಿ ಪಂಚಾಯಿತಿದಾರನ ಹುದ್ದೆಗೆ ಸೂಚಿಸಿದರು. ನೆರೆಹೊರೆಯವರ ಬೇಲಿ ಜಗಳ ತೀರಿಸುವ, ಮುತ್ತಜ್ಜರ ಕಾಲದ ಹುದ್ದೆ ಅದು. ಸಂಬಳವಿಲ್ಲ, ಕೆಲಸವೂ ಇಲ್ಲವೆಂದೇ ಎಲ್ಲರ ಎಣಿಕೆ. ಆದರೆ ಮೇ ತಿಂಗಳಲ್ಲಿ ಲಿಬ್ಬಿ ಸೋದರರು ಒಂದು ಕಲ್ಲುಗೋಡೆಯ ವಿಷಯಕ್ಕೆ ಗುದ್ದಲಿ ಹಿಡಿದು ನಿಂತರು. ಹಾರ್ಲನ್ ಇಡೀ ದಿನ ಅವರ ಹೊಲದಲ್ಲಿ ನಿಂತು ಇಬ್ಬರ ದೂರನ್ನೂ ಕೇಳಿದ, ಆಮೇಲೆ ಇಬ್ಬರ ಕೈಯಲ್ಲೂ ಕಲ್ಲು ಹೊರಿಸಿ ಗೋಡೆ ಕಟ್ಟಿಸಿದ. ತಾನೂ ಹೊತ್ತ.

ಆ ಸಂಜೆ ನಾನು ಹೋದಾಗ ಅವನು ಮೊಣಕಾಲವರೆಗೆ ಮಣ್ಣಾಗಿ ಅಡುಗೆಮನೆಯಲ್ಲಿ ನಿಂತು, ದೊಡ್ಡ ಲಿಬ್ಬಿ ಏನಂದ, ಚಿಕ್ಕವನು ಏನಂದ ಎಂದು ಒಂದೂ ಬಿಡದೆ ಹೆಂಡತಿಗೆ ಹೇಳುತ್ತಿದ್ದ. ಮಾತು ನಿಧಾನವಾಗಿತ್ತು, ಪ್ರತಿ ಪದವೂ ತಿಳಿಯುತ್ತಿತ್ತು.

"ಕೊನೇಗೆ ಕೈ ಕುಲುಕಿದ್ರಾ?" ಆರ್ಲೀನ್ ಕೇಳಿದಳು.

"ಕುಲುಕ್ಲಿಲ್ಲ. ಆದ್ರೆ ಚಿಕ್ಕವ್ನು ದೊಡ್ಡವ್ನಿಗೆ ನೀರು ಕೊಟ್ಟ."

"ಅಷ್ಟಾದ್ರೆ ಸಾಕು," ಅಂದಳು ಅವಳು. "ಬೂಟು ಹೊರಗೆ ಬಿಚ್ಚಿಟ್ಟು ಬಾ, ಊಟ ಬಡಿಸ್ತೀನಿ."