ಹಿಂದಿನ ಗೇಟಿನ ವೈರು

ಬನಹಟ್ಟಿಯ ಒಂದು ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಸುದ್ದಿ, ಎಚ್ಚರಿಕೆಗಳನ್ನು ಓದುವ ಮೈಕು ಒಂಬತ್ತು ವರ್ಷ ಶಿಕ್ಷಕಿ ಶ್ರೀದೇವಿಯ ಕೈಯಲ್ಲಿತ್ತು. ಈ ವರ್ಷ ಮುಧೋಳದಿಂದ ವರ್ಗವಾಗಿ ಬಂದ ಮಾಯಾಳಿಗೆ ಹೆಡ್‌ಮಾಸ್ತರರು ಅದನ್ನು ಕೊಟ್ಟರು. "ಕಬ್ಬಿನ ಟ್ರ್ಯಾಕ್ಟರ್ ಹಿಂದ ಓಡಬ್ಯಾಡ್ರಿ" ಎಂದು ಮಾಯಾ ಹೇಳಿದರೆ ಒಂದನೆಯ ತರಗತಿಯ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಅದೇ ಮಾತನ್ನು ತಾನು ಹೇಳುವಾಗ ಅವು ಗುಸುಗುಸು ಎನ್ನುತ್ತಿದ್ದುದು ನೆನಪಾಗಿ ಶ್ರೀದೇವಿಯ ಹೊಟ್ಟೆ ಉರಿಯುತ್ತಿತ್ತು.

ಒಂದು ಸೋಮವಾರ ಅವಳು ಶಾಲೆಗೆ ಬಂದಾಗ ಹಿಂದಿನ ಗೇಟಿನ ಮೇಲೆ ಕರೆಂಟಿನ ವೈರೊಂದು ಹರಿದು ಜೋತಾಡುತ್ತಿತ್ತು. ಲೈನ್‌ಮನ್‌ಗೆ ಫೋನ್ ಮಾಡಿದಳು. ಮಾಯಾಳಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಅವಳು ಇದನ್ನೂ ಚೆಂದಾಗಿ ಓದಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾಳೆ. ಪ್ರಾರ್ಥನೆ ಮುಗಿಯುವುದರೊಳಗೆ ಲೈನ್‌ಮನ್ ಬಂದೇ ಬರುತ್ತಾನೆ ಎಂದುಕೊಂಡು ಸುಮ್ಮನೆ ನಿಂತಳು.

ಲೈನ್‌ಮನ್ ಬರಲಿಲ್ಲ. ಮಾಯಾ ಸುದ್ದಿ ಓದಿ ಮುಗಿಸಿದಳು. ಇಬ್ಬರು ಪುಟ್ಟ ಹುಡುಗಿಯರು ಸಾಲು ಬಿಟ್ಟು ಹಿಂದಿನ ಗೇಟಿನತ್ತ ಓಡಿದರು. ಶ್ರೀದೇವಿ ಮಾಯಾಳ ಕೈಯಿಂದ ಮೈಕು ಕಸಿದುಕೊಂಡು, "ನಿಂದರ್ರಿ! ಗೇಟ ಮುಟ್ಟಬ್ಯಾಡ್ರಿ, ವೈರ್ ಹರದೈತಿ!" ಎಂದು ಕಿರುಚಿದಳು. ಹುಡುಗಿಯರು ಗಕ್ಕನೆ ನಿಂತರು.

ಅವರನ್ನು ಕರೆತಂದ ಮಾಯಾ, "ದೊಡ್ಡ ಅನಾಹುತ ತಪ್ಪಿಸಿದ್ರಿ ಅಕ್ಕೋರ. ಈಗ ನೋಡಿದ್ರೇನ್ರಿ?" ಎಂದಳು.

ಹೌದೆಂದರೆ ಹೊಗಳಿಕೆಯೆಲ್ಲ ಶ್ರೀದೇವಿಯದೇ ಆಗುತ್ತಿತ್ತು. ಆದರೆ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ, ಮುಂಜಾನೇನ ನೋಡಿದ್ನಿ. ನಿಮ್ಮ ಮ್ಯಾಲಿನ ಹೊಟ್ಟಿಕಿಚ್ಚಿಗೆ ಹೇಳಲಿಲ್ಲ," ಎಂದಳು.

ಮಾಯಾ ಹುಡುಗಿಯರನ್ನು ಸಾಲಿಗೆ ಕಳಿಸಿದಳು. ಆಮೇಲೆ, "ಇನ್ನ ಮ್ಯಾಲ ಇಂಥಾದ್ದು ಕಂಡರ ಮೊದಲ ಹೇಳ್ರಿ," ಎಂದಷ್ಟೇ ಹೇಳಿ ಕ್ಲಾಸಿಗೆ ಹೋದಳು.

ಲೈನ್‌ಮನ್ ಬರುವವರೆಗೂ ಶ್ರೀದೇವಿ ಹಿಂದಿನ ಗೇಟಿನ ಹತ್ತಿರ ಕಾವಲು ನಿಂತಳು. ಒಳಗಿನಿಂದ ಮಾಯಾ ಪಾಠ ಹೇಳುವ ದನಿ ಕೇಳಿಸುತ್ತಿತ್ತು. ಅದು ಚೆಂದವೇ ಇತ್ತು. ನಾಚಿಕೆಯ ನಡುವೆಯೂ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.