ಮೊದಲು ಚಪ್ಪಲಿ

ನಿಬ್ಬು ಮತ್ತೆ ಕರಕರ ಅನ್ನುತ್ತಿದೆ, ಕಾಗದದ ನಾರು ಸಿಕ್ಕಿಕೊಂಡಿರಬೇಕು, ಒರೆಸಬೇಕು, ಇರಲಿ, ಮೊದಲು ನೀರು ಮುಗಿಸಿಬಿಡೋಣ, ಅಡ್ಡ ಗೆರೆ, ಅಡ್ಡ ಗೆರೆ, ನಡುವೆ ಒಂದಿಷ್ಟು ಬಿಳಿ, ಕೊನೆಯ ಚೌಕ ಆಮೇಲೆ — ಅಣ್ಣ ಪೆನ್ಸಿಲಿನಲ್ಲಿ ಚಿತ್ರ ಬರೆದು ಕೊಡುತ್ತಾನೆ, ನಾನು ಮೇಲೆ ಇಂಕು ತಿದ್ದುತ್ತೇನೆ, ಕೂದಲು, ನೀರು, ನೆರಳು ಎಲ್ಲ ನನ್ನ ಪಾಲು, ನಾಯಕನ ಮುಖ ಮಾತ್ರ ಅವನದು, ಅದನ್ನ ಮುಟ್ಬೇಡ ಕಣೇ, ಆ ನಗು ನಿಂಗೆ ಬರಲ್ಲ, ಅನ್ನುತ್ತಾನೆ. ಬರುವುದೂ ಬೇಡ. ಮಾಂಗಾ, ಈ ಜಪಾನಿ ಥರದ ಚಿತ್ರಕಥೆ, ಓದುವವರಿಗೆಲ್ಲ ಆ ನಾಯಕನೆಂದರೆ ಪ್ರಾಣ, ಸತ್ತು ಮತ್ತೆ ಹುಡುಗನಾಗಿ ಏಳುತ್ತಾನೆ, ಮುಂದಾಗುವುದೆಲ್ಲ ಗೊತ್ತು, ಎಂಥ ಭಾಗ್ಯ, ಆದರೂ ಮಾಡುವುದು ಅದೇ ಹಲ್ಕಾ ಕೆಲಸ, ಗೆಳೆಯನ ಬೆನ್ನಿಗೆ ಚೂರಿ, ಗುರುವಿಗೆ ಮೋಸ, ನಾಯಿ ಬಾಲ ಎಂದಿದ್ದರೂ ಡೊಂಕೇ, ಮತ್ತೆ ಸಾಯುತ್ತಾನೆ, ಮತ್ತೆ ಅದೇ ಕಾಲುವೆಯ ದಂಡೆಯ ಮೇಲೆ ಕಣ್ಣು ಬಿಡುತ್ತಾನೆ, ಅವನ ಪುಟ್ಟ ತಂಗಿ ನೀರಿಗೆ ಜಾರುತ್ತಾಳೆ, ಅವನು ಹೊರಟುಹೋಗುತ್ತಾನೆ. ಒಂದು ಸಲ ಅವಳನ್ನ ದಡಕ್ಕೆ ಎಳ್ಕೊಳ್ಳಲಿ ಬಿಡೋ ಅಣ್ಣ, ಒಂದೇ ಸಲ. ಎಳ್ಕೊಂಡ್ರೆ ಕಥೆ ಮುಗೀತಲ್ಲೇ, ಅಂದ, ಚಹಾ ಹೀರುತ್ತ. ನೀರಿಗೆ ಹಾಕುವುದು ಅವನ ಪೆನ್ಸಿಲು, ಮುಳುಗಿಸುವುದು ನನ್ನ ಇಂಕು, ಸಾಕಾಗಿದೆ ನನಗೆ.

ನಮ್ಮ ತಂಗಿ ಪುಟ್ಟಿ ಹೋದದ್ದೂ ಕಾಲುವೆಯಲ್ಲೇ, ನಾನು ಜ್ವರ ಬಂದು ಮಲಗಿದ್ದೆ, ಕರೆದುಕೊಂಡು ಹೋದವನು ಅಣ್ಣ, ನಾನು ನೋಡ್ಲೇ ಇಲ್ಲಮ್ಮ, ಗಾಳಿಪಟದ ಹಿಂದೆ ಓಡಿದ್ದೆ, ತಿರುಗಿದ್ರೆ ಅವಳಿಲ್ಲ, ಅಂದ — ಅಮ್ಮ ಅವನನ್ನು ಅಪ್ಪಿಕೊಂಡು ಅತ್ತಳು, ಇವತ್ತಿಗೂ ನಂಬಿದ್ದಾಳೆ, ಹೆತ್ತವರಿಗೆ ಹೆಗ್ಗಣ ಮುದ್ದು, ಪ್ರತಿ ಕಂತನ್ನೂ ಕನ್ನಡಕ ಏರಿಸಿಕೊಂಡು ಓದುತ್ತಾಳೆ, ಈ ಮಗು ನಮ್ಮ ಪುಟ್ಟಿ ಥರಾನೇ ಇದೆ ಅಲ್ವೇನೇ, ಹೌದಮ್ಮ, ಕೂದಲು ಹಾಗೇ ಇದೆ. ಇಲ್ಲಿಯವರೆಗೆ ಬರೀ ಕೂದಲು, ಬರೀ ಬೆನ್ನು. ಇವತ್ತಿನ ಕೊನೆಯ ಚೌಕದಲ್ಲಿ ಅವಳು ಮುಖ ಎತ್ತಿದ್ದಾಳೆ, ಕೈ ಎತ್ತಿದ್ದಾಳೆ, ಕೈಯಲ್ಲಿ ಚಪ್ಪಲಿ, ಪಕ್ಕದಲ್ಲಿ ಅಣ್ಣನ ಸಣ್ಣಕ್ಷರ, ಅಣ್ಣಾ, ಮೊದ್ಲು ಚಪ್ಪಲಿ ತಗೋ. ಹೊಸ ಚಪ್ಪಲಿ, ಇದನ್ನೂ ಕಳ್ಕೊಂಡು ಬಂದ್ರೆ ಮನೆಗೆ ಬರ್ಬೇಡ ಅಂತ ಅವತ್ತು ಬೆಳಿಗ್ಗೆ ಅಮ್ಮನೇ ಪುಟ್ಟಿಯನ್ನು ಗದರಿದ್ದಳು, ಪುಟ್ಟಿ ಸಿಕ್ಕಾಗ ಒಂದೇ ಕಾಲಲ್ಲಿತ್ತು, ಇನ್ನೊಂದನ್ನು ನೀರು ಕೊಂಡೊಯ್ಯಿತು ಅಂದುಕೊಂಡೆವು. ಕಟ್ಟಿ ಬರೆದಿರಬಹುದು, ಕಥೆಗಾರ ತಾನೇ — ಇಲ್ಲ, ನೋಡದ್ದನ್ನು ಬರೆಯಲು ಅಣ್ಣನಿಗೆ ಬರುವುದಿಲ್ಲ, ಒಂದು ಕೊಡೆ ಬೇಕಾದರೂ ನನ್ನ ಕೈಗೆ ಕೊಟ್ಟು ನಿಲ್ಲಿಸುತ್ತಾನೆ, ಅಲ್ಲಾಡ್ಬೇಡ್ವೇ, ಬೆರಳು ಸರಿಯಾಗಿ ಹಿಡಿ. ಈ ಬೆರಳುಗಳು ಸರಿಯಾಗಿವೆ. ಹೆಬ್ಬೆರಳು ಚಪ್ಪಲಿಯ ಪಟ್ಟಿಯೊಳಗೆ ತೂರಿದೆ. ಅವತ್ತು ಅಣ್ಣ ದಂಡೆಯಲ್ಲೇ ನಿಂತಿದ್ದ, ನೋಡುತ್ತ. ರಬ್ಬರು ಇಲ್ಲೇ ಇದೆ, ಉಜ್ಜಿದರೆ ಅಮ್ಮ ನೆಮ್ಮದಿಯಾಗಿರುತ್ತಾಳೆ, ಉಜ್ಜಿದರೆ ಪುಟ್ಟಿಯ ಕೊನೆಯ ಮಾತೂ ಹೋಯಿತು, ಇಂಕು ತಿದ್ದಿದರೆ ಅಮ್ಮ ಮೊದಲು ನೋಡುವುದು ಅದನ್ನೇ, ಅಯ್ಯೋ ದೇವರೇ, ನನಗೇಕೆ ಕೊಟ್ಟೆ ಇದನ್ನು ಅಣ್ಣ, ನಿನ್ನ ಬಾಯಲ್ಲೇ ಹೇಳಬಾರದಿತ್ತೇನೋ. ಆಯ್ತೇನೇ, ಅಣ್ಣ ಪಕ್ಕದ ಕೋಣೆಯಿಂದ, ಒಳಗೆ ಬರುತ್ತಿಲ್ಲ, ಬಾಗಿಲಿಗೂ ಬರುತ್ತಿಲ್ಲ ಇವತ್ತು, ಆಯ್ತೇನೇ. ಕೊಡೇ ಇಲ್ಲಿ, ಮೊದ್ಲು ನಾನು ನೋಡ್ತೀನಿ, ಅಮ್ಮ, ಕನ್ನಡಕ ಒರೆಸುತ್ತ ಬಂದೇಬಿಟ್ಟಳು, ನೀರು ಕಪ್ಪಾಯಿತು, ಕೂದಲು ಕಪ್ಪಾಯಿತು, ತೋಳು ಮೊಣಕೈವರೆಗೆ ಕಪ್ಪಾಯಿತು, ನಿಬ್ಬಿನ ತುದಿಯಲ್ಲಿ ಹನಿ ತುಂಬುತ್ತಿದೆ, ನನ್ನ ಕೈ ಏಳುತ್ತಿಲ್ಲ, ಇಳಿಯುತ್ತಲೂ ಇಲ್ಲ, ಪೆನ್ಸಿಲಿನಲ್ಲೇ ಉಳಿದಿದೆ, ನೀರಿನ ಮೇಲೆ, ಅಣ್ಣನ ಕಡೆಗೆ ಎತ್ತಿ ಹಿಡಿದ ಚಪ್ಪಲಿ, ತಗೋ ಅಣ್ಣಾ, ಚಪ್ಪಲಿ, ಮೊದ್ಲು ಚಪ್ಪಲಿ